ಬಾವಿ ತಿರುವಿನಲ್ಲಿ ಎತ್ತಿದ ಕೈ

ಗೂಳಿಗೆ,

ನಿನ್ನ ಹೇಳಿಕೆಯಲ್ಲಿ ಒಂದು ತಪ್ಪಿದೆ. ಅದನ್ನು ತಿದ್ದುವುದಕ್ಕಾಗಿಯೇ ಇಪ್ಪತ್ತೆರಡು ವರ್ಷಗಳ ಮೇಲೆ ನಿನಗೆ ಬರೆಯುತ್ತಿದ್ದೇನೆ. ಬೇರೆ ಕಾರಣವನ್ನು ಊಹಿಸುವ ಶ್ರಮ ಬೇಡ.

ಕಾರು ಪಂದ್ಯಗಳ ವಾರ್ಷಿಕ ಸಂಚಿಕೆ ನಮ್ಮ ಗ್ರಂಥಾಲಯಕ್ಕೆ ಬಂದಿದೆ. ‘ಸಾರ್ವಕಾಲಿಕ ಶ್ರೇಷ್ಠ ಹತ್ತು ಚಾಲಕರು’ ಎಂಬ ಪಟ್ಟಿಯಲ್ಲಿ ಮೊದಲನೆಯ ಸ್ಥಾನ ನಿನ್ನದು. ಅಭಿನಂದನೆಗಳು. ಇಂಥ ಪಟ್ಟಿಗಳ ಬಗ್ಗೆ ನನಗೆ ತಾತ್ತ್ವಿಕ ಆಕ್ಷೇಪವಿದೆ. ಎರಡನೆಯ ಸ್ಥಾನದಲ್ಲಿರುವ, ‘ಇಸ್ತ್ರಿ’ ಎಂಬ ಅಡ್ಡಹೆಸರಿನ ಚಾಲಕ ಓಡಿಸಿದ ಕಾಲದಲ್ಲಿ ಕಾರುಗಳಿಗೆ ಸೀಟುಪಟ್ಟಿಯೇ ಇರಲಿಲ್ಲ. ಐದನೆಯ ಸ್ಥಾನದ ‘ಗಡಿಯಾರ’ ಓಡಿಸಿದ ಕಾರು ಉಳಿದವರ ಕಾರುಗಳಿಗಿಂತ ಹತ್ತು ವರ್ಷ ಮುಂದಿತ್ತು. ಬೇರೆ ಬೇರೆ ಪ್ರಶ್ನೆಪತ್ರಿಕೆಗಳಿಗೆ ಉತ್ತರ ಬರೆದವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಕ್ರಮಾಂಕ ಕೊಡುವುದು ಮೌಲ್ಯಮಾಪನವಲ್ಲ, ಮೆರವಣಿಗೆ. ಅದು ಹಾಗಿರಲಿ.

ನಿನಗೆ ಮೊದಲ ಸ್ಥಾನ ಬಂದದ್ದಕ್ಕೆ ಸಂಪಾದಕರು ಕೊಟ್ಟಿರುವ ಮುಖ್ಯ ಕಾರಣ ಬಾವಿ ತಿರುವು. ಎಲ್ಲರೂ ಒಳಗಿನಿಂದ ನುಗ್ಗುವ ಆ ಎಡತಿರುವಿನಲ್ಲಿ ನೀನು ಹೊರಗಿನಿಂದ ಹಾದುಹೋದದ್ದು ‘ಪಂದ್ಯಗಳ ಚರಿತ್ರೆಯಲ್ಲೇ ಅತಿ ಧೈರ್ಯದ ಕ್ಷಣ’ ಎಂದಿದ್ದಾರೆ. ಕೆಳಗೆ ನಿನ್ನದೇ ಮಾತು ಅಚ್ಚಾಗಿದೆ: ‘ಎಡಚ ಒಳದಾರಿ ಮುಚ್ಚಿದ. ನಾನು ಹೊರದಾರಿ ಆರಿಸಿಕೊಂಡೆ.’

ಎಡಚ ಎಂದರೆ ನನ್ನ ಮಗ. ಅವನು ದಾರಿ ಮುಚ್ಚಲಿಲ್ಲ, ನೀನು ಆರಿಸಿಕೊಳ್ಳಲಿಲ್ಲ. ತಿರುವಿನ ಹೊರಬದಿಯ ದಿಬ್ಬದ ಮೇಲೆ, ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲೇ ನಾನು ನಿಂತಿದ್ದೆ. ತೆರೆದ ಕಾರಿನಲ್ಲಿ ಅವನು ಎಡಗೈಯನ್ನು ತಲೆಯ ಮೇಲಕ್ಕೆ ಎತ್ತಿ ಬಲಗಡೆಗೆ ತೋರಿಸಿದ. ಹಿಂದಿನವನಿಗೆ ದಾರಿ ಬಿಡುವ ಚಾಲಕ ಕೈ ಎತ್ತಿ, ಹೋಗಬೇಕಾದ ಕಡೆಗೆ ತೋರಿಸುವುದು ನಿಮ್ಮ ವೃತ್ತಿಯ ಮರ್ಯಾದೆ ಎಂದು ನನಗೆ ಕಲಿಸಿದವರೇ ನೀವಿಬ್ಬರು, ನಮ್ಮ ಅಡುಗೆಮನೆಯ ಮೇಜಿನ ಮೇಲೆ ಎರಡು ಚಹಾ ಲೋಟಗಳನ್ನು ಓಡಿಸಿ. ಅವನು ತೋರಿಸಿದ ಕಡೆಗೆ ನೀನು ಹೋದೆ. ನಿನ್ನ ಚಕ್ರ ಸಿಡಿಸಿದ ಜಲ್ಲಿ ನನ್ನ ಮುಖಕ್ಕೆ ಬಿತ್ತು. ಆಮೇಲೆ ಅವನ ಕಾರು ಒಳಬದಿಯ ಕಲ್ಲುಗೋಡೆಗೆ ಹೋಯಿತು.

ಕಾರಣ ತಿಳಿಯದು ಎಂದು ವಿಚಾರಣೆ ನಡೆಸಿದವರು ಬರೆದರು. ಅದನ್ನು ನಾನು ಪ್ರಶ್ನಿಸಿಲ್ಲ, ಈಗಲೂ ಪ್ರಶ್ನಿಸುವುದಿಲ್ಲ. ಆದರೆ ತಿಳಿದಿರುವ ಸಂಗತಿ ತಪ್ಪಾಗಿ ಅಚ್ಚಾಗಬಾರದು. ಮುಂದಿನ ಸಂಚಿಕೆಯಲ್ಲಿ ಒಂದೇ ಒಂದು ವಾಕ್ಯದ ತಿದ್ದುಪಡಿ ಹಾಕುವಂತೆ ಸಂಪಾದಕರಿಗೆ ಬರೆ.

ನಿನ್ನ ಹಳೆಯ ಮೇಷ್ಟರು
ಫೆಬ್ರವರಿ ೧೧, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ



ಮೇಷ್ಟ್ರಿಗೆ ನಮಸ್ಕಾರ.

ಲಕೋಟೆಯ ಮೇಲೆ ನಿಮ್ಮ ಅಕ್ಷರ ನೋಡಿ, ಒಡೆಯುವ ಮೊದಲು ಹೋಗಿ ಕೈಯ ಗ್ರೀಸು ತೊಳೆದುಕೊಂಡು ಬಂದೆ. ಈ ವಯಸ್ಸಿನಲ್ಲೂ ಹಾಗೆ. ಇಪ್ಪತ್ತೆರಡು ವರ್ಷ ಬಿಟ್ಟು ಬರೆದಿದ್ದೀರಿ, ಹೇಗಿದ್ದೀಯ ಎಂದು ಕೇಳುತ್ತೀರೇನೋ ಅಂದುಕೊಂಡೆ. ತಿದ್ದುಪಡಿ ಕಳಿಸಿದ್ದೀರಿ.

ನಿಮ್ಮ ಮಗ ಕೈ ಎತ್ತಲಿಲ್ಲ. ಕೈ ಎತ್ತಿ ದಾರಿ ಬಿಡುವುದು ನೇರ ರಸ್ತೆಯಲ್ಲಿ. ಬಾವಿ ತಿರುವಿನಲ್ಲಿ ಎರಡು ಕೈ ಸಾಲದೆ ಹಲ್ಲಿನಿಂದಲೂ ಸ್ಟಿಯರಿಂಗ್ ಕಚ್ಚಿ ಹಿಡಿಯೋಣ ಅನ್ನಿಸುತ್ತದೆ. ಅಲ್ಲಿ ಒಂದು ಕೈ ಬಿಟ್ಟವನು ಯಾವನೂ ಇಲ್ಲ. ಇಸ್ತ್ರಿ ಇಲ್ಲ, ಗಡಿಯಾರ ಇಲ್ಲ, ನಾನಿಲ್ಲ. ಅವನ ಬೆನ್ನ ಹಿಂದೆ ಒಂದು ಗಾಡಿಯಷ್ಟು ದೂರದಲ್ಲಿ ಇದ್ದವನು ನಾನು, ದಿಬ್ಬದ ಮೇಲಿದ್ದವರು ನೀವು. ನನಗೆ ಕಾಣದ ಕೈ ನಿಮಗೆ ಹೇಗೆ ಕಂಡಿತು?

ಬೇಸರ ಮಾಡಿಕೊಳ್ಳಬೇಡಿ, ಇನ್ನೊಂದು ಮಾತು ಹೇಳಿಬಿಡುತ್ತೇನೆ. ಏಳನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನ ತನಕ ಅವನ ಪಕ್ಕದಲ್ಲಿ ಕೂತವನು ನಾನು. ನೀವು ಪ್ರಶ್ನೆ ಕೇಳಿದಾಗಲೆಲ್ಲ ಅವನ ಎಡಗೈ ಮೇಲೆ ಹೋಗುತ್ತಿತ್ತು, ಮೊಣಕೈ ಕಿವಿಗೆ ಒತ್ತಿಕೊಂಡು. ಒಂದು ದಿನವೂ ನೀವು ಅವನಿಗೆ ‘ಹೇಳು’ ಅನ್ನಲಿಲ್ಲ. ಅಪ್ಪ ಮೇಷ್ಟ್ರು ಮಗನಿಗೆ ಪಕ್ಷಪಾತ ಮಾಡುತ್ತಾರೆ ಎಂದು ಯಾರೂ ಅನ್ನಬಾರದು, ಅಲ್ಲವೇ? ‘ಕೈ ಇಳಿಸೋ, ನಿಮ್ಮಪ್ಪಂಗೆ ಕಣ್ಣು ಕಾಣಲ್ಲ’ ಅಂತ ನಾನು ಚುಡಾಯಿಸುತ್ತಿದ್ದೆ. ‘ಕಾಣತ್ತೆ ಕಣೋ. ಹೇಳು ಅನ್ನಲ್ಲ, ಅಷ್ಟೇ’ ಅನ್ನುತ್ತಿದ್ದ.

ಆಗ ನೋಡದ ಕೈಯನ್ನು ಈಗ ನೋಡಿದೆ ಅನ್ನುತ್ತೀರಿ. ಸಂಪಾದಕರಿಗೆ ನಾನು ಏನೂ ಬರೆಯುವುದಿಲ್ಲ.

ಹಿಂದಿನ ಬೆಂಚಿನವನು
ಫೆಬ್ರವರಿ, ಕೊನೇ ವಾರ



ಗೂಳಿಗೆ,

‘ಕೊನೇ ವಾರ’ ಎಂಬುದು ದಿನಾಂಕವಲ್ಲ. ಏಳು ದಿನಗಳಲ್ಲಿ ಯಾವುದೆಂದು ಓದುವವನು ಊಹಿಸಬೇಕೆ?

‘ಹೇಳು’ ಎನ್ನಲಿಲ್ಲ ಎಂಬ ನಿನ್ನ ಮಾತಿನಲ್ಲಿ ತಿದ್ದುವಂಥದ್ದು ಏನೂ ಇಲ್ಲ.

ನಿನ್ನ ಪತ್ರವನ್ನು ಮನೆಯಾಕೆಯೂ ಓದಿದಳು. ಓದಿ, ಕನ್ನಡಕವನ್ನು ಸೆರಗಿನಿಂದ ಒರೆಸುತ್ತ, ‘ಇಷ್ಟು ವರ್ಷ ಆದ್ಮೇಲೆ ಬರೆದಿರಿ, ಅದೂ ತಪ್ಪು ಹುಡುಕೋಕೆ. ಹುಡುಗ ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದಾನಾ ಅಂತ ಒಂದು ಮಾತು ಕೇಳಬಾರದಿತ್ತಾ?’ ಎಂದಳು.

‘ಹುಡುಗನಿಗೆ ಈ ವರ್ಷ ಐವತ್ತು ತುಂಬುತ್ತದೆ’ ಎಂದೆ.

‘ನಮ್ಮವನಿಗೂ ತುಂಬ್ತಿತ್ತು’ ಎಂದಳು.

ಆಮೇಲೆ, ನಾನು ಗ್ರಂಥಾಲಯದಿಂದ ತಂದಿದ್ದ ಸಂಚಿಕೆಯನ್ನು ಕೇಳಿ ಪಡೆದು ಆ ಪಟ್ಟಿಯನ್ನು ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ ನೋಡಿದಳು. ‘ನಮ್ಮವನು ಎಷ್ಟನೆಯವನು?’

‘ಅವನು ಗೆದ್ದದ್ದು ಎರಡೇ ಪಂದ್ಯ. ಹತ್ತರಲ್ಲಿ ಬರುವ ಪ್ರಶ್ನೆಯೇ ಇಲ್ಲ.’

‘ಹನ್ನೊಂದನೆಯವನು ಇರಬಹುದು. ಹನ್ನೊಂದನೆಯವರ ಹೆಸರು ಅಚ್ಚು ಹಾಕಲ್ವಲ್ಲ, ಹೇಗೆ ಗೊತ್ತಾಗತ್ತೆ?’



ಇನ್ನು ನಿನ್ನ ಪ್ರಶ್ನೆ: ನಿನಗೆ ಕಾಣದ್ದು ನನಗೆ ಹೇಗೆ ಕಂಡಿತು ಎಂಬುದು. ಅದಕ್ಕೆ ಪ್ರತಿಯಾಗಿ ನನ್ನದೊಂದು ಪ್ರಶ್ನೆ ಇದೆ. ಒಂದೇ, ಆದ್ದರಿಂದ ಯೋಚಿಸಿ ಉತ್ತರಿಸು. ಆ ದಿನಕ್ಕೆ ಮೊದಲು ನೀನು ಬಾವಿ ತಿರುವಿನಲ್ಲಿ ಎಂದಾದರೂ ಹೊರಗಿನಿಂದ ಹೋಗಿದ್ದೆಯಾ?

ಮನೆಯಾಕೆ ಕೇಳಿದ್ದಾಳೆ: ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ?

ಮೇಷ್ಟರು
ಮಾರ್ಚ್ ೯, ಸಂಜೆ ನಾಲ್ಕು ಗಂಟೆ ಐದು ನಿಮಿಷ



ಮೇಷ್ಟ್ರೇ,

ನಿಮ್ಮ ಪತ್ರವನ್ನು ಮೂರು ತಿಂಗಳು ಗ್ಯಾರೇಜಿನ ಗೋಡೆಗೆ, ಸ್ಪ್ಯಾನರುಗಳ ಪಕ್ಕ ಮೊಳೆಗೆ ಚುಚ್ಚಿಟ್ಟಿದ್ದೆ. ದಿನಾ ಬೆಳಿಗ್ಗೆ ಶಟರ್ ಎತ್ತಿದರೆ ಅದೇ ಪ್ರಶ್ನೆ.

ಉತ್ತರ: ಇಲ್ಲ. ಆ ದಿನಕ್ಕೆ ಮುಂಚೆ ಒಂದು ಸಲವೂ ಇಲ್ಲ. ಆಮೇಲೂ ಇಲ್ಲ. ಅಲ್ಲಿ ಹೊರದಾರಿಯಲ್ಲಿ ಜಲ್ಲಿ, ಜಾರಿಕೆ. ಬುದ್ಧಿ ನೆಟ್ಟಗಿರುವವನು ಹೋಗುವ ದಾರಿಯಲ್ಲ ಅದು. ಸಂದರ್ಶನಕ್ಕೆ ಬಂದವರೆಲ್ಲ ‘ಯಾಕೆ ಹೊರಗಿನಿಂದ ಹೋದಿರಿ’ ಎಂದು ಕೇಳುತ್ತಾರೆ. ನನಗೇ ಗೊತ್ತಿಲ್ಲ ಎಂದರೆ ನಗುತ್ತಾರೆಂದು ‘ಧೈರ್ಯ’ ಎಂದು ಹೇಳಿಕೊಂಡು ಬಂದೆ. ಈಗ ನಾನೂ ಹೊಸ ಚಾಲಕರಿಗೆ ಪಾಠ ಹೇಳುವವನು. ಅವರಿಗೂ ಧೈರ್ಯ ಎಂದೇ ಹೇಳಿದ್ದೇನೆ.

ಯಾರಿಗೂ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಆ ದಿನ ಏಳು ಸುತ್ತು ಅವನ ಬೆನ್ನಿಗೆ ಅಂಟಿಕೊಂಡಿದ್ದೆ. ಅವನ ಕನ್ನಡಿಯ ತುಂಬ ನಾನೇ ಇದ್ದೆ. ನನ್ನ ಕಾಟಕ್ಕೆ, ನನ್ನನ್ನು ಒಳಗೆ ಬಿಡಬಾರದೆಂದು ಅವನು ಬೇಗನೆ ಎಡಕ್ಕೆ ತಿರುಗಿಸಿದ, ಗೋಡೆಗೆ ಹೋದ ಎಂದೇ ಇಷ್ಟು ವರ್ಷ ನಂಬಿದ್ದೇನೆ. ಅಂದರೆ ಅಟ್ಟಿ ಅಟ್ಟಿ ಅವನನ್ನು ಗೋಡೆಗೆ ಕೊಟ್ಟವನು ನಾನು. ಅದಕ್ಕೇ ನಿಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ‘ಎಡಚ ದಾರಿ ಮುಚ್ಚಿದ’ ಎಂದು ಪತ್ರಿಕೆಗೆ ಹೇಳಿದ್ದು ಜಂಬವಲ್ಲ ಮೇಷ್ಟ್ರೇ. ಅದನ್ನು ಹೇಳಿದಾಗಲೆಲ್ಲ ನಾನು ಒಂದು ಕೊಲೆಯ ಸುದ್ದಿ ಹೇಳುತ್ತಿದ್ದೆ. ಕೇಳಿದವರು ಚಪ್ಪಾಳೆ ತಟ್ಟುತ್ತಿದ್ದರು.

ಆದರೆ ಅವನು ಕೈ ಎತ್ತಿದ್ದು ನಿಜವಾದರೆ ಎಲ್ಲವೂ ಬೇರೆ. ಬಾಗಿಲು ಮುಚ್ಚುವವನು ಇನ್ನೊಂದು ಬಾಗಿಲು ತೋರಿಸುವುದಿಲ್ಲ. ಆ ತಿರುವಿನ ನಡುವೆ ಚಾಲಕನ ಕೈಗೆ ಬಿಡುವು ಸಿಗುವುದು ಒಂದೇ ಸಂದರ್ಭದಲ್ಲಿ: ಸ್ಟಿಯರಿಂಗ್ ಎಡಕ್ಕೆ ತಿರುಗಿದ್ದು ಹಾಗೇ ಕಚ್ಚಿಕೊಂಡು, ಇನ್ನು ಎಷ್ಟು ಎಳೆದರೂ ಬರುವುದಿಲ್ಲ ಎಂದು ಗೊತ್ತಾದಾಗ. ಕಾರು ಒಳಗೋಡೆಗೇ ಹೋಗುತ್ತದೆ. ಹಿಂದಿನಿಂದ ನಾನು ರೂಢಿಯಂತೆ ಒಳಗೆ ನುಗ್ಗಿದರೆ ಇಬ್ಬರೂ ಅಲ್ಲೇ. ಅದು ಅವನಿಗೆ ಗೊತ್ತಿತ್ತು. ಕೆಲಸವಿಲ್ಲದಾದ ಕೈಯನ್ನು ನನಗೆ ಕೊಟ್ಟ.

ನನಗೆ ಆ ಕೈ ನೆನಪಿಲ್ಲ. ಎಷ್ಟು ಕಣ್ಣು ಮುಚ್ಚಿ ಕೂತರೂ ಇಲ್ಲ. ನೀವು ನಿಜವಾಗಿ ನೋಡಿದಿರಾ? ಕನ್ನಡಕ ಹಾಕಿಕೊಂಡಿದ್ದಿರಾ? ಅರ್ಧ ಅಂಕವನ್ನೂ ಪುಕ್ಕಟೆ ಕೊಡದ ಮನುಷ್ಯ ನೀವು. ‘ಖಚಿತ’ ಎಂದು ಒಂದು ಪದ ಬರೆದು ಕಳಿಸಿ. ನನಗೆ ಅಷ್ಟು ಸಾಕು.

ಊಟ ಮಾಡುತ್ತಿದ್ದೇನೆ ಎಂದು ಅಮ್ಮನಿಗೆ ಹೇಳಿ.

ಗೂಳಿ
ಜೂನ್ ೧೯ (ದಿನಾಂಕ ಹಾಕಿದ್ದೇನೆ, ನೋಡಿ)



ಗೂಳಿಗೆ,

‘ಖಚಿತ’ ಎಂದು ಬರೆಯಲು ಮೂರು ಬಾರಿ ಕುಳಿತೆ. ಆಗಲಿಲ್ಲ.

ಫೆಬ್ರವರಿಯಲ್ಲಿ ನನಗೆ ಸಂದೇಹವಿರಲಿಲ್ಲ. ಆಗ ಕೇಳಿದ್ದರೆ ಕಣ್ಣು ಮುಚ್ಚಿ ಬರೆದುಕೊಡುತ್ತಿದ್ದೆ. ಆದರೆ ತರಗತಿಯ ಕೈಯನ್ನು ನೀನು ನೆನಪಿಸಿದ ಮೇಲೆ ನನ್ನ ಸಾಕ್ಷ್ಯವನ್ನು ನಾನೇ ಪರಿಶೀಲಿಸಬೇಕಾಯಿತು. ನಿಜ ಹೇಳುತ್ತೇನೆ, ಆ ಕೈಯನ್ನು ನಾನು ಒಂದು ಬಾರಿಯಲ್ಲ, ನೂರಾರು ಬಾರಿ ನೋಡಿದ್ದೇನೆ. ನಿಂತ ಬಸ್ಸಿನ ಹಿಂದಿನ ಕಿಟಕಿಯಲ್ಲಿ ನೋಡಿದ್ದೇನೆ. ನಿವೃತ್ತಿಯ ದಿನ ಖಾಲಿ ತರಗತಿಗೆ ಬೀಗ ಹಾಕುವಾಗ ಹಿಂದಿನ ಬೆಂಚಿನಲ್ಲಿ ನೋಡಿದ್ದೇನೆ. ನಮ್ಮ ಮೆಟ್ಟಿಲ ಬಳಿ ಒಂದು ಪರದೆ ಇದೆ. ಸಂಜೆ ಗಾಳಿಗೆ ಅದರ ಒಂದು ಮಡಿಕೆ ಮೇಲೇಳುತ್ತದೆ. ನಾನು ಓದುವುದನ್ನು ನಿಲ್ಲಿಸಿ ಅದನ್ನೇ ನೋಡುತ್ತಿದ್ದರೆ ಮನೆಯಾಕೆ, ‘ಅದು ಪರದೆ ರೀ’ ಎನ್ನುತ್ತಾಳೆ. ಪರದೆಯೆಂದು ನನಗೂ ಗೊತ್ತಿದೆ. ಕುರ್ಚಿಯನ್ನು ಬೇರೆ ಕಡೆಗೆ ತಿರುಗಿಸಿಕೊಂಡು ಕೂರುತ್ತೇನೆ. ಆಗ ಬೆನ್ನ ಹಿಂದೆ ಆ ಕೈ ಮೇಲೆಯೇ ಇದೆ ಎಂಬುದು ಗೊತ್ತಾಗುತ್ತಿರುತ್ತದೆ.

ಹೀಗಿರುವಾಗ ದಿಬ್ಬದ ಮೇಲಿನಿಂದ ನೋಡಿದ್ದು ಯಾವುದು, ಆಮೇಲೆ ನೋಡಿದ್ದನ್ನು ತಂದು ಅಲ್ಲಿಟ್ಟದ್ದು ಯಾವುದು ಎಂದು ಬೇರ್ಪಡಿಸಲು ನನ್ನಿಂದ ಸಾಧ್ಯವಾಗುತ್ತಿಲ್ಲ. ಕನ್ನಡಕ ಹಾಕಿಕೊಂಡಿದ್ದೆ. ಅದೊಂದು ಖಚಿತ.

ಆದ್ದರಿಂದ ನನ್ನನ್ನು ಪರೀಕ್ಷಿಸಬೇಕು. ಪ್ರಶ್ನೆಪತ್ರಿಕೆ ನಿನ್ನದು. ಒಂದು ಬೆಳಿಗ್ಗೆ ನಾನು ಅದೇ ದಿಬ್ಬದ ಮೇಲೆ ನಿಲ್ಲುತ್ತೇನೆ. ನೀನು ಹಳೆಯ ತೆರೆದ ಕಾರಿನಲ್ಲಿ, ಕೈ ಎತ್ತಲು ಸಾಧ್ಯವಾಗುವ ವೇಗದಲ್ಲಿ, ಐದು ಸುತ್ತು ಬಾ. ಯಾವ ಸುತ್ತಿನಲ್ಲಿ ಕೈ ಎತ್ತುತ್ತೀಯ, ಯಾವುದರಲ್ಲಿ ಎತ್ತುವುದಿಲ್ಲ, ಯಾವ ಕೈ, ಯಾವ ಕಡೆಗೆ ಎಂಬುದನ್ನು ನನಗೆ ಮುಂಚೆ ತಿಳಿಸಕೂಡದು. ನಾನು ನೋಡಿದ್ದನ್ನು ಬರೆದು, ಲಕೋಟೆ ಅಂಟಿಸಿ, ನಿನ್ನ ಕೈಗೆ ಕೊಟ್ಟು ಬರುತ್ತೇನೆ. ಅಲ್ಲಿ ಮಾತು ಬೇಡ. ಪರೀಕ್ಷೆಯ ದಿನ ಪರೀಕ್ಷಕನೂ ವಿದ್ಯಾರ್ಥಿಯೂ ಮಾತಾಡುವುದು ಸರಿಯಲ್ಲ. ಮನೆಗೆ ಹೋಗಿ ತಿದ್ದು. ಕನಿಕರದ ಅಂಕ ಕೊಟ್ಟರೆ ನನಗೆ ಗೊತ್ತಾಗುತ್ತದೆ.

ಮೇಷ್ಟರು
ಜುಲೈ ೪, ಬೆಳಿಗ್ಗೆ ಹನ್ನೊಂದು ಗಂಟೆ



ಮೇಷ್ಟ್ರೇ,

ಉತ್ತರಪತ್ರಿಕೆ ತಿದ್ದಿದ್ದೇನೆ. ನೀವು ಹೇಳಿದಂತೆ ಅಲ್ಲಿ ಮಾತಾಡಲಿಲ್ಲ. ಆದರೆ ಆ ದಿಬ್ಬವನ್ನು ಕೋಲೂರಿಕೊಂಡು ಹತ್ತುತ್ತಿದ್ದ ನಿಮ್ಮನ್ನು ನೋಡಿಯೂ ಕೈ ಹಿಡಿಯದೆ ನಿಂತಿದ್ದೆನಲ್ಲ, ಅದು ಕಷ್ಟವಾಯಿತು.

ಮೊದಲನೇ ಸುತ್ತು: ‘ಕೈ ಎತ್ತಲಿಲ್ಲ.’ ಸರಿ. ಎರಡನೆಯದು: ‘ಎಡಗೈ, ಎಡಕ್ಕೆ.’ ಸರಿ. ನಾಲ್ಕು: ‘ಬಲಗೈ, ಬಲಕ್ಕೆ, ತಡವಾಗಿ ಎತ್ತಿದ್ದೀಯ.’ ಸರಿ, ತಡವೂ ಸರಿ. ಐದು: ‘ಇಲ್ಲ.’ ಸರಿ.

ಮೂರನೆಯದಕ್ಕೆ ನೀವು ಬರೆದದ್ದು: ‘ಎಡಗೈ. ಬಲಕ್ಕೆ. ಸ್ಪಷ್ಟ.’

ಮೂರನೇ ಸುತ್ತಿನಲ್ಲಿ ನಾನು ಕೈ ಎತ್ತಿಲ್ಲ ಮೇಷ್ಟ್ರೇ. ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು.

ತಪ್ಪು ಗುರುತು ಹಾಕಲು ಕೆಂಪು ಪೆನ್ನು ತೆಗೆದೆ. ಹಾಕಲಾಗಲಿಲ್ಲ. ಯಾಕೆಂದರೆ ಎಲ್ಲ ಸುತ್ತಿನಲ್ಲೂ ಒಳಗಿನಿಂದಲೇ ಹೋಗುವುದೆಂದು ನಿಶ್ಚಯಿಸಿಕೊಂಡಿದ್ದೆ, ಹಾಗೇ ಹೋದೆ. ಮೂರನೆಯದೊಂದರಲ್ಲಿ ಮಾತ್ರ ಹೊರಗಿನಿಂದ ಹೋದೆ. ನಿಮ್ಮ ಕಾಲ ಹತ್ತಿರ ಜಲ್ಲಿ ಸಿಡಿಯಿತಲ್ಲ, ಅದೇ ಸುತ್ತು. ಬೇಕೆಂದು ಹೋಗಲಿಲ್ಲ. ಎದುರಿಗೆ ಯಾರೂ ಇರಲಿಲ್ಲ. ಕಾರು ಬಾವಿಯ ಹತ್ತಿರ ಬಂತು, ನನ್ನ ತೋಳುಗಳು ಬಲಕ್ಕೆ ಹೋದವು. ಆ ದಿನ ಹೋದ ಹಾಗೆಯೇ.

ಆ ಸುತ್ತಿನಲ್ಲಿ ನಿಮ್ಮ ಎದುರು ಹಾದುಹೋಗುವಾಗ ನಿಮ್ಮ ತುಟಿ ಅಲ್ಲಾಡಿದ್ದು ಕಂಡಿತು. ಏನು ಹೇಳಿದಿರಿ?

ಸಂಪಾದಕರಿಗೆ ಬರೆಯಬೇಕೆಂದಿದ್ದೇನೆ. ನನ್ನ ಹೆಸರು ತೆಗೆದು ಮೊದಲನೇ ಸ್ಥಾನಕ್ಕೆ ಅವನದು ಹಾಕಿ ಎನ್ನಲೇ? ನೀವು ಹೂಂ ಅಂದರೆ ಇವತ್ತೇ ಬರೆಯುತ್ತೇನೆ.

ಗೂಳಿ
ಆಗಸ್ಟ್ ೧೭



ಗೂಳಿಗೆ,

ಮೂರನೆಯ ಉತ್ತರಕ್ಕೆ ಸೊನ್ನೆ ಹಾಕು. ಎತ್ತದ ಕೈಯನ್ನು ಎತ್ತಿದೆ ಎಂದು ಬರೆದಿದ್ದೇನೆ. ನಿಯಮದ ಪ್ರಕಾರ ಅದು ತಪ್ಪು ಉತ್ತರ. ನಾನೇ ಹಾಕಿದ ನಿಯಮ. ಆದ್ದರಿಂದ ನನ್ನೊಬ್ಬನ ಸಾಕ್ಷ್ಯದ ಬಲದಿಂದ ‘ಖಚಿತ’ ಎನ್ನಲು ಇನ್ನು ಯಾವ ಹಕ್ಕೂ ನನಗೆ ಉಳಿದಿಲ್ಲ.

ಆದರೆ ಸಾಕ್ಷಿ ನಾನೊಬ್ಬನೇ ಅಲ್ಲ. ಒಮ್ಮೆಯೂ ತಾನಾಗಿ ಹಿಡಿಯದ ದಾರಿಯನ್ನು ಆ ದಿನ ಹಿಡಿದು ಬದುಕಿದವನು ನೀನು. ಕಣ್ಣು ಮರೆತದ್ದನ್ನು ನಿನ್ನ ತೋಳುಗಳು ಮರೆತಿಲ್ಲ. ಅವನು ದಾರಿ ಮುಚ್ಚಲಿಲ್ಲ. ನೀನು ಅವನನ್ನು ಗೋಡೆಗೆ ಅಟ್ಟಲಿಲ್ಲ. ಇದನ್ನು ನಾನು ಮೇಷ್ಟರಾಗಿ ಬರೆಯುತ್ತಿಲ್ಲ, ಅವನ ಅಪ್ಪನಾಗಿ ಬರೆಯುತ್ತಿದ್ದೇನೆ. ಪಕ್ಷಪಾತವೆಂದು ಅನ್ನುವವರು ಅನ್ನಲಿ.

ಪಟ್ಟಿಯನ್ನು ಮುಟ್ಟಬೇಡ. ಮೊದಲ ಸ್ಥಾನ ನಿನ್ನದು. ಅಷ್ಟು ಪಂದ್ಯಗಳನ್ನು ಗೆದ್ದವನು ನೀನು. ನಮ್ಮವನು ಗೆದ್ದದ್ದು ಎರಡು, ಎರಡಕ್ಕೆ ಕೊಡಬೇಕಾದಷ್ಟೇ ಕೊಡಬೇಕು. ಮನೆಯಾಕೆಯನ್ನೂ ಕೇಳಿದೆ. ‘ಅವನು ಹನ್ನೊಂದನೆಯವನಾಗೇ ಇರಲಿ ಬಿಡಿ, ಅಲ್ಲಿ ಯಾರೂ ಅವನನ್ನ ಅಳೆಯಲ್ಲ’ ಎಂದಳು. ಸೇರಿಸಬೇಕಾದದ್ದು ನಿನ್ನ ಹೇಳಿಕೆಯ ಜಾಗದಲ್ಲಿ ಒಂದು ವಾಕ್ಯ ಮಾತ್ರ: ‘ಎಡಚ ಬಲಗಡೆಗೆ ತೋರಿಸಿದ, ನಾನು ಹೋದೆ.’ ನಿನ್ನ ವಿದ್ಯಾರ್ಥಿಗಳಿಗೂ ಇದನ್ನೇ ಹೇಳು. ಧೈರ್ಯದ ಪಾಠಕ್ಕೆ ಬೇರೆ ಉದಾಹರಣೆ ಹುಡುಕಿಕೊಳ್ಳಬಹುದು.

ಬರುವ ತಿಂಗಳು ಊಟಕ್ಕೆ ಬಾ. ಇದು ಆಕೆಯ ವಾಕ್ಯ. ನಾನು ಬರೆದುಕೊಟ್ಟಿದ್ದೇನೆ, ಅಷ್ಟೇ.

ನಾನು ಏನು ಹೇಳಿದೆ ಎಂದು ಕೇಳಿದ್ದೀಯ. ಮೂರನೆಯ ಸುತ್ತಿನಲ್ಲಿ ಕಾರು ಬಾವಿಯನ್ನು ದಾಟುವಾಗ ಕೈ ಮೇಲಿತ್ತು. ಎಡಗೈ, ಮೊಣಕೈ ಕಿವಿಗೆ ಒತ್ತಿಕೊಂಡಿತ್ತು. ಓಡುವ ಕಾರಿನಲ್ಲಿ ಅಷ್ಟು ನೆಟ್ಟಗೆ ಯಾರೂ ಕೈ ಎತ್ತಲಾರರು ಎಂದು ಆ ಕ್ಷಣದಲ್ಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ. ‘ಹೇಳು’ ಎಂದೆ. ಎಂಜಿನ್ನಿನ ಸದ್ದಿನಲ್ಲಿ ನಿನಗೆ ಕೇಳಿಸಿರಲಾರದು. ಆ ಕೈ ಒಂದಿಷ್ಟು ಬಲಕ್ಕೆ ಬಾಗಿತು. ಆಮೇಲೆ ಇಳಿಯಿತು.

ಅಂದಿನಿಂದ ಮೆಟ್ಟಿಲ ಬಳಿಯ ಪರದೆ ಬರಿಯ ಪರದೆಯಾಗಿದೆ. ಸಂಜೆ ಗಾಳಿ ಬರುವ ಹೊತ್ತಿಗೆ ನಾನು ಕುರ್ಚಿಯನ್ನು ಅದರ ಎದುರಿಗೇ ಹಾಕಿಕೊಂಡು ಕೂರುತ್ತೇನೆ. ಈಗಲೂ ಅಲ್ಲಿಯೇ ಕುಳಿತು ಬರೆಯುತ್ತಿದ್ದೇನೆ.

ಅವನ ಅಪ್ಪ
ಆಗಸ್ಟ್ ೨೩, ಸಂಜೆ ಐದು ಗಂಟೆ ನಲವತ್ತು ನಿಮಿಷ